ನೀಲಿ ಬೊಟ್ಟಿನ ಕಾಯಿಗಳು

ಜಾವಗಲ್ಲಿನ ಬಸ್ಸು ಇಳಿದು ಮಂಜುಳಾ ತವರಿನ ಅಂಗಳಕ್ಕೆ ಕಾಲಿಟ್ಟಾಗ ಮನೆಯವರೆಲ್ಲ ಊಟಕ್ಕೆ ಕೂತಿದ್ದರು. ಶ್ರಾವಣದ ಭಾನುವಾರ, ಹುರುಳಿಕಾಳಿನ ಸಾರು, ಬಿಸಿ ಮುದ್ದೆ. ಮಗಳನ್ನು ಕಂಡ ಲಕ್ಕಮ್ಮ ಇನ್ನೊಂದು ತಟ್ಟೆ ತೆಗೆಯಲು ಎದ್ದಳು. ಮಂಜುಳಾ ಮಾತ್ರ ಚಪ್ಪಲಿ ಕಾಲಿನಲ್ಲೇ ನಡುಮನೆಗೆ ನುಗ್ಗಿ, ಕೈಲಿದ್ದ ಗೊಬ್ಬರದ ಚೀಲವನ್ನು ಅಣ್ಣನ ತಟ್ಟೆಯ ಪಕ್ಕದಲ್ಲೇ ಬೋರಲು ಹಾಕಿದಳು. ಅರ್ಧ ಸುಲಿದ ಏಳೆಂಟು ತೆಂಗಿನಕಾಯಿ ಉರುಳಿದವು. ಒಂದು ಮೊದಲೇ ಒಡೆದಿತ್ತು. ಅದರ ನಾತಕ್ಕೆ ಅಪ್ಪ ಜವರಯ್ಯ ಕೈಲಿದ್ದ ತುತ್ತನ್ನು ಕೆಳಗಿಟ್ಟ.

"ತಿನ್ನಣ್ಣ. ನಿನ್ನ ಸಂಶೋಧನೆ ಎಂಗೈತೆ, ರುಚಿ ನೋಡು."

"ಏನೇ ಇದು? ಉಣ್ಣೋ ಹೊತ್ನಲ್ಲಿ..." ಎಂದ ಲಕ್ಷ್ಮೀಶ.

"ನಮಗೆ ಉಣ್ಣೋಕೆ ಏನುಳೀತು? ಮೂರು ಸಾವಿರ ಕಾಯಿ ಕಣಣ್ಣ. ನಿನ್ನ ಭಾವ ಗುತ್ತಿಗೆಗೆ ಹಿಡಿದ ತೋಟದ್ದಷ್ಟೂ ಅಟ್ಟಕ್ಕೆ ಹಾಕಿದ್ದ. ಮೂರಕ್ಕೊಂದು ಹಿಂಗೆ ಕೊಳೆತು ಕೂತೈತೆ. ಮನೆ ತುಂಬ ನಾತ. ಆ ಮನುಷ್ಯ ನಾಕು ದಿನದಿಂದ ಮಾತೇ ಆಡಿಲ್ಲ."

ಲಕ್ಷ್ಮೀಶ ಒಡೆದ ಕಾಯನ್ನು ಎಡಗೈಯಲ್ಲಿ ಎತ್ತಿ ತಿರುಗಿಸಿ ನೋಡಿದ. ಕಣ್ಣಿನ ಭಾಗ ಕಪ್ಪಗೆ, ಲೋಳೆಲೋಳೆ.

"ಆಗೋಕೆ ಸಾಧ್ಯ ಇಲ್ಲ. ನಮ್ಮನೆ ಅಟ್ಟದಲ್ಲಿ ನೂರಕ್ಕೆ ತೊಂಬತ್ನಾಕು ಚೆನ್ನಾಗಿ ಬಂದಿತ್ತು. ಅವ್ವನ್ನೇ ಕೇಳು."

ಎಲ್ಲರೂ ಲಕ್ಕಮ್ಮನ ಕಡೆ ನೋಡಿದರು. ಅವಳ ಕೈಲಿ ಖಾಲಿ ತಟ್ಟೆ.

"ಮೊದ್ಲು ಕೂತ್ಕೊಂಡು ಉಣ್ಣವ್ವ. ಬಸ್ಸಲ್ಲಿ ಬಂದಿದ್ದೀಯ," ಎಂದಳು.

ಹುಟ್ಟಿದ ಮೇಲೆ ಯಾರ ಮುಂದೆಯೂ ನಾಲಿಗೆ ಕಟ್ಟಿಕೊಂಡವಳಲ್ಲ ಲಕ್ಕಮ್ಮ. ಆ ಮಧ್ಯಾಹ್ನ ಮಾತ್ರ ಬಾಯಲ್ಲಿ ಬಿಸಿ ತುಪ್ಪ ಇಟ್ಟುಕೊಂಡವಳ ಹಾಗೆ ನಿಂತಳು. ನುಂಗುವಂತಿಲ್ಲ, ಉಗುಳುವಂತಿಲ್ಲ.

ಅರಸೀಕೆರೆ ಸೀಮೆಯಲ್ಲಿ ಉಂಡೆಕೊಬ್ಬರಿ ಅಂದರೆ ಅವಸರದ ಕೆಲಸವಲ್ಲ. ಬಲಿತ ಕಾಯನ್ನು ಸುಲಿಯದೆ, ನಾರಿನ ಮಟ್ಟೆ ಸಮೇತ ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಬಿಡಬೇಕು. ಒಳಗಿನ ನೀರು ತಾನಾಗಿ ಇಂಗಬೇಕು, ಕೊಬ್ಬರಿ ಕರಟವನ್ನು ಬಿಟ್ಟು ಉಂಡೆಯಾಗಬೇಕು, ಕಿವಿಯ ಹತ್ತಿರ ಅಲ್ಲಾಡಿಸಿದರೆ ಲೊಟಲೊಟ ಅನ್ನಬೇಕು. ಈ ಕಾಯಿ ಕೇಳುವುದೇ ಲಕ್ಕಮ್ಮನ ಕಸುಬು. ಹನ್ನೆರಡನೇ ವಯಸ್ಸಿನಿಂದ ಕಂಡವರ ಅಟ್ಟ ಹತ್ತಿದವಳು. ಗಂಡ ಜವರಯ್ಯ ಕೆಳಗೆ ಕಾಯಿ ಸುಲಿಯುತ್ತಿದ್ದ, ಇವಳು ಮೇಲೆ ಒಂದೊಂದನ್ನೇ ಕಿವಿಗೆ ಹಿಡಿದು ಬೇರೆ ಮಾಡುತ್ತಿದ್ದಳು. ಒಣಗಿದ್ದು, ಇನ್ನೂ ತಿಂಗಳು ಬೇಕಾದದ್ದು, ಕೆಟ್ಟದ್ದು, ಮೂರಕ್ಕೂ ಮೂರು ಸದ್ದು. "ಲಕ್ಕಮ್ಮ ಹೇಳಿದ ಮೇಲೆ ಒಡೆದು ನೋಡಬೇಕಾ?" ಎನ್ನುತ್ತಿದ್ದರು ತೋಟದವರು. ಹಾಗೆ ಕೇಳಿ ಕೇಳಿಯೇ ಮಗನನ್ನು ಕೃಷಿ ಡಿಪ್ಲೊಮಾ ಓದಿಸಿದಳು, ಮನೆಗೆ ಅಂತ ನಲವತ್ತು ಮರದ ತೋಟವನ್ನೂ ಮಾಡಿಕೊಂಡರು.

ಲಕ್ಷ್ಮೀಶನಿಗೆ ತೆಂಗಿನ ಸಂಶೋಧನಾ ಕೇಂದ್ರದಲ್ಲಿ ಹಂಗಾಮಿ ಸಹಾಯಕನ ಕೆಲಸ ಸಿಕ್ಕಿ ನಾಲ್ಕು ವರ್ಷವಾಗಿತ್ತು. ಅಲ್ಲಿನ ವಿಜ್ಞಾನಿ ಮುರಳೀಕೃಷ್ಣ, ಬೇಲೂರಿನವರು, ಒಂದು ಹೊಸ ವಿಧಾನ ಹುಡುಕಿದ್ದರು. ಮಟ್ಟೆಯ ಮುಕ್ಕಾಲು ಭಾಗ ಮೊದಲೇ ಸುಲಿದು, ಕಣ್ಣಿರುವ ಕಡೆ ಮಾತ್ರ ಒಂದು ಹಿಡಿ ನಾರು ಬಿಟ್ಟು, ಅದಕ್ಕೆ ಔಷಧಿ ಹಚ್ಚಿ ಅಟ್ಟಕ್ಕೆ ಹಾಕುವುದು. ಏಳೇ ತಿಂಗಳಿಗೆ ಕೊಬ್ಬರಿ. ಬಣ್ಣವೂ ಬೆಳ್ಳಗೆ, ಪುಡಿ ಮಾಡುವ ಕಾರ್ಖಾನೆಯವರಿಗೆ ಅಂಥದ್ದೇ ಬೇಕಂತೆ. ನಾಲ್ಕು ಮನೆಗಳ ಅಟ್ಟದಲ್ಲಿ ಪರೀಕ್ಷೆ ಮಾಡಬೇಕು ಅಂತಾದಾಗ ಲಕ್ಷ್ಮೀಶ ತನ್ನ ಮನೆಯನ್ನೂ ಸೇರಿಸಿದ. ಹೋದ ವರ್ಷ ಯುಗಾದಿ ಮುಗಿದ ಮೇಲೆ ಹೊಸ ವಿಧಾನದ ನೂರು ಕಾಯಿಗೆ ನೀಲಿ ಬೊಟ್ಟು, ಹಳೇ ವಿಧಾನದ ನೂರಕ್ಕೆ ಕೆಂಪು ಬೊಟ್ಟು ಇಟ್ಟು ಅಟ್ಟಕ್ಕೆ ಸೇರಿಸಿದರು.

"ಅವ್ವ, ಒಂದನ್ನೂ ಮುಟ್ಟಬ್ಯಾಡ. ಇದು ಗೆದ್ರೆ ನನ್ನ ಕೆಲ್ಸ ಕಾಯಂ ಆದ್ರೂ ಆಗ್ಬೋದು," ಎಂದಿದ್ದ ಮಗ.

ಮುಟ್ಟಬೇಡ ಅಂದರೆ? ಅಟ್ಟ ಗುಡಿಸಲು ಹೋದವಳ ಕೈ ಸುಮ್ಮನಿರುತ್ತದೆಯೇ? ಐದನೇ ತಿಂಗಳಲ್ಲಿ ಒಂದು ನೀಲಿ ಬೊಟ್ಟಿನ ಕಾಯನ್ನು ಎತ್ತಿ ಕಿವಿಗೆ ಹಿಡಿದಳು. ಒಣಗುವ ಕಾಯಿಯ ಸದ್ದಲ್ಲ ಅದು, ಕೆಸರಲ್ಲಿ ಕಾಲಿಟ್ಟಂಥ ಸದ್ದು. ಇನ್ನೊಂದು, ಮತ್ತೊಂದು. ನೂರನ್ನೂ ಕೇಳಿದಳು. ಇಪ್ಪತ್ತೆಂಟು ಕೆಟ್ಟಿದ್ದವು.

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ಲಕ್ಕಮ್ಮನಿಗೆ ಮಗನ ಪ್ರಯೋಗವೂ ಮುದ್ದೇ. ಮನೆಮಂದಿ ಇಲ್ಲದ ಮಧ್ಯಾಹ್ನ ನೋಡಿಕೊಂಡು, ಆ ಇಪ್ಪತ್ತೆಂಟನ್ನು ತೆಗೆದು ಹಂಡೆ ಒಲೆಗೆ ಹಾಕಿದಳು. ತಮ್ಮದೇ ಹಳೇ ರಾಶಿಯಿಂದ ಹನ್ನೊಂದು ತಿಂಗಳು ತುಂಬಿದ ಇಪ್ಪತ್ತೆಂಟು ಒಳ್ಳೆಯ ಕಾಯಿ ಆರಿಸಿ, ಅದೇ ಅಳತೆಗೆ ಸುಲಿದು, ಗೂಡಿನಲ್ಲಿದ್ದ ಡಬ್ಬಿಯಿಂದ ನೀಲಿ ಬೊಟ್ಟು ಇಟ್ಟು ಜೋಡಿಸಿದಳು. ಸಂಜೆ ಬಂದ ಜವರಯ್ಯ ಮೂಗು ಮುಚ್ಚಿಕೊಂಡು, "ಏನಮ್ಮೀ, ಬಚ್ಚಲಲ್ಲಿ ಈ ಪಾಟಿ ವಾಸ್ನೆ?" ಅಂದ. "ಇಲಿ ಸತ್ತಿರಬೇಕು," ಅಂದಳು.

ದೀಪಾವಳಿಯ ಹೊತ್ತಿಗೆ ಮುರಳೀಕೃಷ್ಣ ಬಂದು ಎಣಿಸಿದರು. ತೊಂಬತ್ನಾಲ್ಕು! "ಇಷ್ಟು ಒಳ್ಳೇ ಕೊಬ್ಬರಿ ನಾನೇ ನಿರೀಕ್ಷಿಸಿರಲಿಲ್ಲ ಕಣ್ರೀ," ಅಂತ ಜವರಯ್ಯನ ಕೈ ಕುಲುಕಿದರು. ಮಿಕ್ಕ ಮೂರು ಮನೆಗಳಲ್ಲಿ ಅರವತ್ತು ಎಪ್ಪತ್ತರ ಮೇಲೆ ಬಂದಿರಲಿಲ್ಲ. ಅವರು ಹೇಳಿದಂತೆ ಮಾಡಿಲ್ಲ ಅಂತ ತೀರ್ಮಾನವಾಯಿತು. ಸಂಕ್ರಾಂತಿಗೆ ಲಕ್ಷ್ಮೀಶನ ಕೆಲಸ ಕಾಯಂ ಆಯಿತು. ಲಕ್ಕಮ್ಮ ಮಾಲೇಕಲ್ಲಿನ ಬೆಟ್ಟದ ಮೆಟ್ಟಿಲು ಹತ್ತಿ ದೇವರ ಹರಕೆ ತೀರಿಸಿ ಬಂದಳು. ದೇವರ ಮುಂದೆ ಕಣ್ಣು ಮುಚ್ಚಿದರೆ ಹಂಡೆ ಒಲೆಯೇ ಕಾಣುತ್ತಿತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅದೇ ಸಂಕ್ರಾಂತಿಗೆ ಎಳ್ಳುಬೆಲ್ಲ ತಂದ ಅಳಿಯ ಧರ್ಮೇಶ್, "ಅತ್ತೆ, ನಾನೂ ಹೊಸ ವಿಧಾನದಲ್ಲೇ ಹಾಕ್ತೀನಿ," ಅಂದ.

"ಬ್ಯಾಡ ಕಣಪ್ಪ. ಹಳೇದೇ ಇರ್ಲಿ."

"ಸ್ವಂತ ಮಗನ ಮೇಲೇ ನಂಬಿಕೆ ಇಲ್ವಾ ಅತ್ತೆ?" ಅಂತ ಅವನು ನಕ್ಕ. ಎಲ್ಲರೂ ನಕ್ಕರು. ಲಕ್ಕಮ್ಮನೂ ನಕ್ಕಳು. ಆಮೇಲೆ ನೂರು ಸಲ ನೆನೆಸಿಕೊಂಡಿದ್ದು ಆ ನಗುವನ್ನೇ.

ಆ ಶ್ರಾವಣದ ಭಾನುವಾರ ಬಂದ ಮಂಜುಳಾ ವಾಪಸ್ ಹೋಗಲಿಲ್ಲ. "ನೀನು ನಿಮ್ಮಣ್ಣನ ಮನೇಲೇ ಇದ್ದು ಸಂಶೋಧನೆ ಮಾಡ್ಕೊ ಹೋಗು ಅಂತ ನಮ್ಮತ್ತೆ ಅಂದವ್ರೆ," ಎಂದು ಒಂದೇ ಒಂದು ಸಲ ಅತ್ತಳು. ಆಮೇಲೆ ಮನೆಗೆಲಸಕ್ಕೆ ನಿಂತಳು. ಪಾತ್ರೆ ಕುಕ್ಕುವುದು, ಪೊರಕೆ ಎಸೆಯುವುದು, ಅಣ್ಣನಿಗೆ ಬಡಿಸುವಾಗ ಸೌಟನ್ನು ತಟ್ಟೆಗೆ ಬಡಿಯುವುದು. ಲಕ್ಷ್ಮೀಶನ ಹೆಂಡತಿ ಲತಾಮಣಿ ಊರ ಶಾಲೆಯಲ್ಲಿ ಮೇಡಂ. ಅವಳು ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಟರೆ ಸಂಜೆಯೇ ಬರುವುದು. ಇಬ್ಬರ ನಡುವೆ ಅವಳು ಬಾಯಿ ಹಾಕುತ್ತಿರಲಿಲ್ಲ.

ಲಕ್ಷ್ಮೀಶನ ಊಟ ಅರ್ಧಕ್ಕೆ ಇಳಿಯಿತು. ಕೇಂದ್ರದಿಂದ ಬಂದವನೇ ಹಳೇ ನೋಟ್‌ಬುಕ್ಕುಗಳನ್ನು ಹರಡಿಕೊಂಡು ಕೂರುತ್ತಿದ್ದ. ಔಷಧಿಯ ಅಳತೆ, ತಾರೀಖು, ಅಟ್ಟದ ಗಾಳಿ, ಎಲ್ಲವನ್ನೂ ಮತ್ತೆ ಮತ್ತೆ ನೋಡುತ್ತಿದ್ದ.

"ಇನ್ನೊಂದು ಮುದ್ದೆ ಹಾಕ್ಲಾ?" ಎಂದಳು ಲಕ್ಕಮ್ಮ ಒಂದು ದಿನ.

"ಸಾಕವ್ವ."

"ಹಿಂಗೆ ಉಂಡ್ರೆ ಹೆಂಗಪ್ಪ?"

"ಎಲ್ಲೋ ನನ್ನ ಕೈಯಲ್ಲೇ ತಪ್ಪಾಗೈತೆ ಅವ್ವ. ಎಲ್ಲಿ ಅಂತ ಗೊತ್ತಾಗ್ತಾ ಇಲ್ಲ. ನಮ್ಮನೇಲಿ ಸರಿ ಬಂದಿದ್ದು ಅಲ್ಲಿ ಯಾಕೆ ಕೆಡ್ತು?"

ಲಕ್ಕಮ್ಮ ಸೌಟನ್ನು ಸಾರಿನ ಪಾತ್ರೆಗೆ ಇಟ್ಟು ಹಿತ್ತಲಿಗೆ ಹೋದಳು. ಹಂಡೆ ಒಲೆಯ ಮುಂದೆ ಕೂತು, ಉರಿಯದ ಒಲೆಯನ್ನು ಊದಿದಳು.

"ಏನಮ್ಮೀ ಮಾಡ್ತಿದ್ದೀಯ?" ಅಂದ ಜವರಯ್ಯ.

"ಬೂದಿ ತೆಗೀತಿದ್ದೀನಿ."

"ಊದಿದ್ರೆ ಬೂದಿ ಬತ್ತದಾ? ವಯಸ್ಸಾಯ್ತು ನಿಂಗೆ," ಅಂತ ಅವನು ಬೀಡಿ ಹಚ್ಚಿದ.

ಮಾರನೇ ವಾರ ಲಕ್ಷ್ಮೀಶ ಮೊಪೆಡ್ ಹತ್ತಿ ಜಾವಗಲ್ಲಿಗೆ ಹೋಗಿಬಂದ. ಬಂದಾಗ ಮುಖ ಊದಿತ್ತು. ಮಂಜುಳಾ ಅಲಸಂದೆ ಕಾಯಿ ಬಿಡಿಸುತ್ತಾ ಕೂತಿದ್ದಳು.

"ಏನಂದ್ರು ನಿನ್ನ ಭಾವ?"

"ಏನಂತಾನೆ? ಎಲ್ಲ ನೀವು ಹೇಳಿದಂಗೇ ಮಾಡಿದ್ದೆ ಅಂತಾನೆ. ಯಾರು ನೋಡಿದೋರು? ಔಷಧಿ ತೆಳ್ಳಗೆ ಮಾಡಿರ್ತಾನೆ. ಇಲ್ಲ, ಮಳೇಲಿ ನೆನೆದ ಕಾಯಿ ಹಾಕಿರ್ತಾನೆ. ಕೇಂದ್ರಕ್ಕೂ ಹಂಗೇ ಬರ್ಕೊಡ್ತೀನಿ."

ಮಂಜುಳಾ ಮೊರ ಕೆಳಗಿಟ್ಟಳು. "ಏನಂತ ಬರ್ಕೊಡ್ತೀಯ?"

"ರೈತ ಸರಿಯಾಗಿ ಪಾಲಿಸಿಲ್ಲ ಅಂತ."

"ನನ್ನ ಗಂಡ ನೀನು ಕೊಟ್ಟ ಚೀಟೀನ ಗೋಡೆಗೆ ಅಂಟಿಸ್ಕೊಂಡು, ಸ್ಕೇಲ್ ಹಿಡ್ಕೊಂಡು ನಾರು ಅಳೆದವ್ನೆ ಕಣೋ! ಒಂದೊಂದು ಕಾಯಿಗೂ! ನಾನೇ ಪಕ್ಕದಲ್ಲಿ ಕೂತು ಔಷಧಿ ಹಚ್ಚೀನಿ. ಈ ಕೈ ನೋಡು, ಆವತ್ತು ಸುಲಿದ ಚರ್ಮ ಇನ್ನೂ ಸೀಳ್ತಾನೇ ಐತೆ. ಈಗ ಅವನು ಸೋಮಾರಿ, ಸುಳ್ಳ ಅಂತ ಸರ್ಕಾರದ ಕಾಗದದಲ್ಲಿ ಬರೀತೀಯಾ?"

"ಮತ್ತೆ ನಮ್ಮನೇಲಿ ಹೆಂಗೆ ಬಂತು ಹೇಳು! ಅದಕ್ಕೆ ಉತ್ರ ಹೇಳು!"

"ಸಾಕು ನಿಲ್ಲಿಸ್ರೋ," ಅಂದ ಜವರಯ್ಯ. "ಕಾಯಿಗೋಸ್ಕರ ಒಡಹುಟ್ಟಿದೋರು ಕಚ್ಚಾಡ್ತವಂತೆ. ಏ, ನೀನಾದ್ರೂ ಹೇಳಮ್ಮೀ."

ಲಕ್ಕಮ್ಮ ಮಗಳ ಕೈಯನ್ನು ನೋಡಿದಳು. ಬೆರಳ ಸಂದಿಯಲ್ಲಿ ಚರ್ಮ ಕೆಂಪಗೆ ಸೀಳಿತ್ತು. ತಾನು ಹೆತ್ತ ಕೈ. ಕೊಬ್ಬರಿ ಎಣ್ಣೆ ತಂದು ಹಚ್ಚಲು ಹೋದಳು, ಮಂಜುಳಾ ಕೈ ಎಳೆದುಕೊಂಡಳು.

"ಬ್ಯಾಡ ಬಿಡವ್ವ. ನಿನಗೂ ಮಗನೇ ಹೆಚ್ಚು."

ನಿಜ ಹೇಳಬೇಕೆಂದರೆ ಆ ಮಾತು ಬಾಣದ ಹಾಗೆ ನಾಟಿತು. ಹೆಚ್ಚು ಅಂತಲ್ಲ, ಆವತ್ತು ಮಗನೊಬ್ಬನೇ ಕಣ್ಮುಂದೆ ಇದ್ದ, ಮಗಳು ಆ ಲೆಕ್ಕದಲ್ಲಿ ಬರುತ್ತಾಳೆ ಅಂತ ಯಾರು ಕಂಡಿದ್ದರು? ಹೀಗೆ ಅಂದುಕೊಂಡು ಸಮಾಧಾನ ಮಾಡಿಕೊಳ್ಳಲು ನೋಡಿದಳು ಲಕ್ಕಮ್ಮ. ಆದರೆ ಸಂಕ್ರಾಂತಿಯ ನಗು? ಅಂದು ಅಳಿಯ ಎದುರಿಗೇ ಕೂತಿದ್ದನಲ್ಲ. ಒಂದು ಮಾತು ಸಾಕಿತ್ತು.

ಮಾರನೇ ದಿನ ಶಾಲೆಗೆ ರಜೆ. ಅತ್ತೆ ಸೊಸೆ ಇಬ್ಬರೇ ಬಾವಿಕಟ್ಟೆಯ ಹತ್ತಿರ ಬಟ್ಟೆ ಒಗೆಯುತ್ತಿದ್ದರು. ಲತಾಮಣಿ ಗಂಡನ ಪ್ಯಾಂಟು ಹಿಂಡುತ್ತಾ ತಲೆಯೆತ್ತದೆ ಅಂದಳು:

"ಅತ್ತೆ, ಹೋದ ವರ್ಷ ಗೌರಿಹಬ್ಬದ ಹಿಂದಿನ ದಿನ ನಿಮ್ಮ ಉಗುರಲ್ಲಿ ನೀಲಿ ಬಣ್ಣ ಇತ್ತು."

ಲಕ್ಕಮ್ಮನ ಕೈಲಿದ್ದ ಸೋಪು ಜಾರಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗೆ ಉಗುರುಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ವರ್ಷದ ಹಿಂದಿನ ಬಣ್ಣ ಇನ್ನೂ ಇರುತ್ತದೆಯೇ, ಹುಚ್ಚಿ!

"ಆವತ್ತೇ ಯಾಕೆ ಕೇಳ್ಲಿಲ್ಲ ತಾಯಿ?"

"ಕೇಳಿದ್ರೆ ನೀವು ಹೇಳ್ಬಿಡ್ತೀರಿ ಅಂತ ಭಯ ಆಯ್ತು. ಅವರ ಕೆಲಸ ಕಾಯಂ ಆಗೋದು ನನಗೂ ಬೇಕಿತ್ತಲ್ಲ."

ಬಟ್ಟೆಯಿಂದ ನೀರು ಹರಿದು ಬಾಳೆಬುಡಕ್ಕೆ ಹೋಗುತ್ತಿತ್ತು.

"ನಾಳೆ ಅವರು ಆ ವರದಿ ಕೊಡ್ತಾರೆ," ಅಂದಳು ಲತಾಮಣಿ. "ಧರ್ಮೇಶ್ ಹೆಸರು ಹಾಕಿ ಬರೆದಾಗಿದೆ. ನಾನೇ ಅಕ್ಷರ ತಿದ್ದಿಕೊಟ್ಟೆ."

ಆ ಸಂಜೆ ಲಕ್ಕಮ್ಮ ಎಂದಿಗಿಂತ ಚೆನ್ನಾಗಿ ಅಡಿಗೆ ಮಾಡಿದಳು. ಉಪ್ಪೆಸರು, ಖಾರ, ನುಣ್ಣನೆಯ ಮುದ್ದೆ. ದೀಪ ಹಚ್ಚುವ ಹೊತ್ತಿಗೇ ಎಲ್ಲರನ್ನೂ ಕೂರಿಸಿ ಬಡಿಸಿದಳು. ಮಂಜುಳಾ ಗೋಡೆಯ ಕಡೆ ತಿರುಗಿ ಕೂತಿದ್ದಳು. ಲಕ್ಷ್ಮೀಶ ಮುದ್ದೆ ಮುರಿದ. ಒಂದು ತುತ್ತು ಹೊಟ್ಟೆಗೆ ಹೋಗಲಿ ಅಂತ ಕಾದಳು, ಹೋಯಿತು.

"ಆ ತೊಂಬತ್ನಾಕರಲ್ಲಿ ಇಪ್ಪತ್ತೆಂಟು ನಾನಿಟ್ಟಿದ್ದು," ಎಂದಳು.

"ಏನವ್ವ?"

"ನಿನ್ನ ನೀಲಿ ಕಾಯಿ ಐದ್ನೇ ತಿಂಗಳಿಗೇ ಇಪ್ಪತ್ತೆಂಟು ಕೆಟ್ಟಿದ್ವು. ನಾನು ಕೇಳಿ ನೋಡ್ದೆ. ತೆಗೆದು ಒಲೆಗೆ ಹಾಕ್ದೆ. ನಮ್ಮ ಹಳೇ ಕಾಯಿ ಸುಲ್ದು, ಬೊಟ್ಟಿಟ್ಟು ಸೇರಿಸ್ದೆ. ನಿನ್ನ ಕೈಯಲ್ಲಿ ಏನೂ ತಪ್ಪಾಗಿಲ್ಲ. ಅಳಿಯಂದೂ ತಪ್ಪಿಲ್ಲ. ನಂದು."

ಜವರಯ್ಯ, "ಇಲಿ ಅಂದ್ಯಲ್ಲೇ!" ಅಂದ.

ಲಕ್ಷ್ಮೀಶ ತಟ್ಟೆಯಲ್ಲೇ ಕೈ ತೊಳೆದ. "ಯಾಕೆ?"

"ನಿನ್ನ ಕೆಲ್ಸ ಕಣಪ್ಪ..."

"ಯಾವ್ದು ಕೆಡ್ತದೆ, ಯಾಕೆ ಕೆಡ್ತದೆ ಅಂತ ಕಂಡ್ಹಿಡಿಯೋದೇ ನನ್ನ ಕೆಲ್ಸ! ಆ ಇಪ್ಪತ್ತೆಂಟು ಕಾಯಿ ನನಗೆ ಬೇಕಾಗಿತ್ತು. ಒಳ್ಳೇವಕ್ಕಿಂತ ಅವೇ ಬೇಕಾಗಿತ್ತು. ಅವನ್ನ ಕಂಡಿದ್ರೆ ಇವಳ ಮೂರು ಸಾವಿರ ಉಳೀತಿತ್ತು."

ಮಂಜುಳಾ ಈಗ ತಿರುಗಿದಳು. ಅವಳು ಕಿರುಚಿದ್ದರೆ ಲಕ್ಕಮ್ಮನಿಗೆ ಹಗುರಾಗುತ್ತಿತ್ತು. ಅವಳು ಕಿರುಚಲಿಲ್ಲ. "ಸಂಕ್ರಾಂತಿ ದಿನ ನಿನಗೆ ಗೊತ್ತಿತ್ತು," ಎಂದಳು ಅಷ್ಟೇ.

"ಗೊತ್ತಿತ್ತು ಕಣವ್ವ."

"ನಕ್ಕೆಯಲ್ಲವ್ವ ನಮ್ಮ ಜೊತೆ."

ಲಕ್ಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆವತ್ತಿನ ಉಪ್ಪೆಸರನ್ನು ಮಾರನೇ ದಿನ ನಾಯಿಗೆ ಹಾಕಿದರು.

ಬೆಳಿಗ್ಗೆ ಮಂಜುಳಾ ನಡೆದದ್ದನ್ನು ಹೇಳಲು ಮೊದಲ ಬಸ್ಸಿಗೆ ಗಂಡನ ಮನೆಗೆ ಹೊರಟಳು. ಲಕ್ಷ್ಮೀಶ ಬರೆದಿಟ್ಟ ವರದಿಯನ್ನು ಹರಿದು, ಬೇರೆ ಬರೆದುಕೊಂಡು ಕೇಂದ್ರಕ್ಕೆ ಹೋದ. ಅವನು ಮೂರು ದಿನ ಮನೆಯಲ್ಲಿ ತಾಯಿಯ ಜೊತೆ ಮಾತಾಡಲಿಲ್ಲ. "ಅವ್ವಾ" ಅನ್ನುವ ಶಬ್ದವೇ ಮನೆಯಿಂದ ಎದ್ದುಹೋಯಿತು. ನೀರು ಬೇಕಾದರೆ ಹೆಂಡತಿಯನ್ನು ಕೇಳುತ್ತಿದ್ದ.

ನಾಲ್ಕನೇ ದಿನ ಮುರಳೀಕೃಷ್ಣರೇ ಬಂದರು. ಲಕ್ಕಮ್ಮ ಕಂಬ ಹಿಡಿದು ನಿಂತಳು. ಬೈಯುತ್ತಾರೆ ಅಂದುಕೊಂಡಿದ್ದಳು. ಬೈದಿದ್ದರೆ ಕಾಲಿಗೆ ಬೀಳಲು ಸಿದ್ಧಳಿದ್ದಳು.

"ಲಕ್ಕಮ್ಮನವರೇ, ಒಡೆಯದೆ ಹೇಗೆ ಗೊತ್ತಾಯ್ತು ನಿಮಗೆ? ಐದನೇ ತಿಂಗಳಲ್ಲೇ?"

"ಸದ್ದಿಂದ ಸ್ವಾಮಿ."

"ನಮಗೆ ಹೇಳಬಹುದಿತ್ತಲ್ಲ."

"ನೀವು ಮುಟ್ಟಬ್ಯಾಡ ಅಂದ್ರಿ. ಕೇಳು ಅಂತ ಯಾರೂ ಹೇಳ್ಲಿಲ್ಲ." ಹೇಳಿದ ಮೇಲೆ ಇದು ನೆಪದ ಮಾತು ಅಂತ ಅವಳಿಗೇ ನಾಚಿಕೆಯಾಯಿತು. "ಆದ್ರೂ ನಾನು ಮಾಡಿದ್ದು ಕಳ್ಳ ಕೆಲ್ಸ ಸ್ವಾಮಿ. ಅವನನ್ನ ಕೆಲ್ಸದಿಂದ ತೆಗೀಬ್ಯಾಡಿ."

ಮುರಳೀಕೃಷ್ಣ ಕನ್ನಡಕ ತೆಗೆದು ಒರೆಸಿದರು. "ಅದು ನನ್ನ ಕೈಲಿಲ್ಲಮ್ಮ. ಮೇಲಿನವರಿಗೆ ಬರೆದಿದ್ದೇನೆ. ತೊಂಬತ್ನಾಲ್ಕನ್ನು ಹೊಡೆದುಹಾಕಿ ಅರವತ್ತಾರು ಅಂತ ಮಾಡಿದ್ದೇನೆ. ಆ ಮೂರು ಮನೆಯವರಿಗೂ ನಾನೇ ಹೋಗಿ ಹೇಳಬೇಕು, ಅವರದ್ದು ತಪ್ಪಿಲ್ಲ ಅಂತ. ನಿಮ್ಮ ಅಂಕಿ ಚೆನ್ನಾಗಿತ್ತು, ನಾನೂ ನಂಬಿಬಿಟ್ಟೆ." ಆಮೇಲೆ ಲಕ್ಷ್ಮೀಶನ ಕಡೆ ತಿರುಗಿ ಅಂದರು: "ಜಾವಗಲ್ಲಿನ ಕಾಯಿ ಪೂರ್ತಿ ಹಾಳಾಗುವ ಮುಂಚೆ ಬೇರೆ ಮಾಡಬೇಕಲ್ಲಪ್ಪ. ಕೆಟ್ಟದ್ದರ ಪಕ್ಕದ್ದೂ ಕೆಡುತ್ತೆ. ಎಲ್ಲ ಒಡೆದು ನೋಡೋಕಾಗಲ್ಲ."

ಲಕ್ಷ್ಮೀಶ ನೆಲ ನೋಡಿದ. "ಇವರು ಬರ್ತಾರೆ ಸಾರ್," ಎಂದ. ಇವರು ಅಂದ, ನಮ್ಮವ್ವ ಅನ್ನಲಿಲ್ಲ.

ಜಾವಗಲ್ಲಿನ ಮನೆಯಲ್ಲಿ ಧರ್ಮೇಶ್ ಬಾಗಿಲಿಗೆ ಬಂದು "ಬನ್ನಿ" ಅಂದ. ಕೈಕಾಲಿಗೆ ನೀರು ಕೊಟ್ಟ. ಮರ್ಯಾದೆಗೆ ಏನೂ ಕಡಿಮೆ ಮಾಡಲಿಲ್ಲ, ಮುಖ ಮಾತ್ರ ನೋಡಲಿಲ್ಲ. ಗೋಡೆಯ ಮೇಲೆ ಲಕ್ಷ್ಮೀಶ ಬರೆದುಕೊಟ್ಟ ಚೀಟಿ ಇನ್ನೂ ಇತ್ತು. ಒಂದೊಂದು ಸಾಲಿನ ಮುಂದೆಯೂ ಪೆನ್ಸಿಲ್ಲಿನಲ್ಲಿ ಸರಿ ಗುರುತು. ಲಕ್ಕಮ್ಮನಿಗೆ ಓದು ಬಾರದು, ಗುರುತು ಅರ್ಥವಾಯಿತು.

"ಕಾಫಿ ಕುಡೀತೀಯಾ?" ಅಂದಳು ಮಂಜುಳಾ.

"ಆಮೇಲೆ ಕುಡೀತೀನಿ. ಮೊದ್ಲು ಕಾಯಿ."

ಅಟ್ಟದ ಮೇಲೆ ಮೂರು ಸಾವಿರ ಕಾಯಿ, ಉಸಿರು ಕಟ್ಟುವ ನಾತ. ಮಂಜುಳಾ ಚಾಪೆ ಹಾಸಿದಳು. ಧರ್ಮೇಶ್ ಬುಟ್ಟಿಯಲ್ಲಿ ಕಾಯಿ ತಂದು ಮುಂದಿಟ್ಟ. ಲಕ್ಷ್ಮೀಶ ಹೊಸ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಒಳ್ಳೇದಕ್ಕೊಂದು, ಕೆಟ್ಟದ್ದಕ್ಕೊಂದು ಮನೆ ಮಾಡಿ, ಪೆನ್ನು ಹಿಡಿದು ಕೂತ.

ಲಕ್ಕಮ್ಮ ಮೊದಲನೆಯದನ್ನು ಎತ್ತಿ ಕಿವಿಗೆ ಹಿಡಿದಳು. "ಒಳ್ಳೇದು." ಎರಡನೆಯದು, "ಒಳ್ಳೇದು." ಮೂರನೆಯದನ್ನು ಅಲ್ಲಾಡಿಸಿದಳು. ಅದೇ ಕೆಸರಿನ ಸದ್ದು. ಕೈ ಅಲ್ಲೇ ನಿಂತಿತು. ಎದುರಿಗೆ ಮಗನ ಮುಖ, ಕಣ್ಣ ಕೆಳಗೆ ಕಪ್ಪು, ಹದಿನೈದು ದಿನಕ್ಕೇ ಕೆನ್ನೆ ಒಳಸೇರಿತ್ತು. ಈ ಕಾಯಿ ಕೆಟ್ಟದ್ದು ಅಂದಷ್ಟೂ ಅವನ ಕಾಗದದಲ್ಲಿ ಅವನ ಕೆಲಸದ ವಿರುದ್ಧ ಒಂದೊಂದು ಗೆರೆ ಹೆಚ್ಚುತ್ತದೆ. ಒಂದೇ ಒಂದನ್ನು ಒಳ್ಳೆಯದರ ಕಡೆ ಹಾಕಿದರೆ ಯಾರಿಗೆ ಗೊತ್ತಾಗುತ್ತದೆ? ದೇವರಾಣೆಗೂ, ಇಷ್ಟೆಲ್ಲ ಆದಮೇಲೂ ಆ ಯೋಚನೆ ಬಂತು ಅವಳಿಗೆ.

"ಕೆಟ್ಟೈತೆ. ಬರ್ಕೊ," ಅಂದಳು.

ಲಕ್ಷ್ಮೀಶ ಬರೆದುಕೊಂಡ. ಮಂಜುಳಾ ಕಾಯನ್ನು ಅವಳ ಕೈಯಿಂದ ತೆಗೆದು ಬೇರೆ ಬುಟ್ಟಿಗೆ ಹಾಕಿದಳು.

"ಮುಂದಿಂದು," ಎಂದ ಮಗ. ಅವ್ವಾ ಅನ್ನಲಿಲ್ಲ.

ಲಕ್ಕಮ್ಮ ಮುಂದಿನ ಕಾಯಿ ಎತ್ತಿಕೊಂಡಳು.